ಫಿಲಿಪ್ ಲಾರ್ಕಿನ್

ಫಿಲಿಪ್ ಆರ್ಥರ್ ಲಾರ್ಕಿನ್ (೯ ಆಗಸ್ಟ್ ೧೯೨೨ – ೨ ಡಿಸೆಂಬರ್ ೧೯೮೫) ಇಪ್ಪತ್ತನೆಯ ಶತಮಾನದ ಪ್ರಮುಖ ಇಂಗ್ಲಿಷ್ ಕವಿ, ಕಾದಂಬರಿಕಾರ ಹಾಗೂ ಗ್ರಂಥಪಾಲಕ. ಇಂಗ್ಲೆಂಡಿನ ಹಲ್ ನಗರದ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಅವರು ಮೂವತ್ತು ವರ್ಷ ನಡೆಸಿದರು. ಸಭೆ ಸಮಾರಂಭಗಳಿಂದ ದೂರವೇ ಉಳಿಯಲು ಬಯಸಿದ ಈ ಕವಿಯ ಹೆಸರಿನಲ್ಲಿ ಅವರ ಮರಣಾನಂತರ ಸಾಹಿತ್ಯ ಸಂಘವೊಂದು ಸ್ಥಾಪನೆಯಾಗಿದ್ದು, ಹಲ್ ನಗರದಲ್ಲಿ ಅನೇಕ ಸ್ಮರಣೋತ್ಸವಗಳು ನಡೆದಿವೆ.

ಬಾಲ್ಯ ಮತ್ತು ಶಿಕ್ಷಣ

ಲಾರ್ಕಿನ್ ಜನಿಸಿದ್ದು ಕವೆಂಟ್ರಿ ನಗರದಲ್ಲಿ. ತಂದೆ ಸಿಡ್ನಿ ಲಾರ್ಕಿನ್ ಅಲ್ಲಿನ ನಗರಾಡಳಿತದ ಖಜಾಂಚಿಯಾಗಿದ್ದರು, ತಾಯಿ ಈವಾ. ಸಾಹಿತ್ಯಾಸಕ್ತರಾಗಿದ್ದ ಸಿಡ್ನಿ ನಾಜಿ ಜರ್ಮನಿಯ ಬಗ್ಗೆ ಮೆಚ್ಚುಗೆ ಹೊಂದಿದ್ದರು. ೧೯೩೦ರ ದಶಕದಲ್ಲಿ ಅವರು ಮಗನನ್ನು ಎರಡು ಬಾರಿ ಆ ದೇಶಕ್ಕೆ ಕರೆದೊಯ್ದಿದ್ದರು. ಬಾಲಕ ಫಿಲಿಪ್‌ಗೆ ದೃಷ್ಟಿ ಮಂದವಾಗಿತ್ತು. ಮಾತಿನಲ್ಲಿ ತೊದಲುವಿಕೆಯೂ ಇತ್ತು.

೧೯೪೦ರಲ್ಲಿ ಅವರು ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಜರ್ಮನ್ ವಿಮಾನಗಳು ಕವೆಂಟ್ರಿಯ ಮೇಲೆ ಭೀಕರ ಬಾಂಬ್ ದಾಳಿ ನಡೆಸಿದಾಗ, ತಂದೆತಾಯಿಯರನ್ನು ಅರಸುತ್ತ ಊರಿಗೆ ಮರಳಿದರು. ಆ ಅನುಭವದ ನೆರಳು ಅವರ ಮೊದಲ ಕಾದಂಬರಿಯಲ್ಲಿ ಕಾಣುತ್ತದೆ. ದೃಷ್ಟಿದೋಷದ ಕಾರಣ ಸೈನ್ಯಸೇವೆಯಿಂದ ವಿನಾಯಿತಿ ದೊರೆತುದರಿಂದ ವ್ಯಾಸಂಗವನ್ನು ಮುಂದುವರಿಸಿ, ೧೯೪೩ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯ ಪದವಿ ಪಡೆದರು. ಕಾದಂಬರಿಕಾರ ಕಿಂಗ್ಸ್ಲಿ ಏಮಿಸ್ ಅವರೊಡನೆ ಜೀವನಪರ್ಯಂತದ ಸ್ನೇಹ ಬೆಳೆದದ್ದು ಇಲ್ಲಿಯೇ.

ವೃತ್ತಿ ಜೀವನ

೧೯೪೩ರ ಕೊನೆಯಲ್ಲಿ ಶ್ರಾಪ್‌ಷೈರ್ ಪ್ರಾಂತದ ವೆಲ್ಲಿಂಗ್ಟನ್ ಎಂಬ ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರ ವೃತ್ತಿ ಆರಂಭವಾಯಿತು. ೧೯೪೬ರಲ್ಲಿ ಲೆಸ್ಟರ್‌ನ ಕಾಲೇಜು ಗ್ರಂಥಾಲಯಕ್ಕೆ ತೆರಳಿದರು. ಬಹುಕಾಲದ ಸಂಗಾತಿಯಾದ ಇಂಗ್ಲಿಷ್ ಅಧ್ಯಾಪಕಿ ಮೋನಿಕಾ ಜೋನ್ಸ್ ಅವರ ಪರಿಚಯವಾದದ್ದು ಅಲ್ಲಿ. ೧೯೫೦ರಿಂದ ಐದು ವರ್ಷ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದು, ೧೯೫೫ರ ಮಾರ್ಚಿನಲ್ಲಿ ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯವರೆಗೂ ಆ ಹುದ್ದೆಯಲ್ಲಿದ್ದರು. ಇಂದು ಬ್ರಿನ್ಮೋರ್ ಜೋನ್ಸ್ ಲೈಬ್ರರಿ ಎನಿಸಿಕೊಂಡಿರುವ ಗ್ರಂಥಾಲಯ ಕಟ್ಟಡದ ಯೋಜನೆ ಮತ್ತು ವಿಸ್ತರಣೆಯಲ್ಲಿ ಅವರ ಪಾತ್ರ ದೊಡ್ಡದು. ಅವರು ವಿವಾಹವಾಗಲಿಲ್ಲ.

ಸಾಹಿತ್ಯ

ಮೊದಲ ಕವನ ಸಂಕಲನ ‘ದ ನಾರ್ತ್ ಶಿಪ್’ ೧೯೪೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಯೇಟ್ಸ್‌ನ ಪ್ರಭಾವ ಢಾಳಾಗಿದೆ. ಬಳಿಕ ‘ಜಿಲ್’ (೧೯೪೬) ಮತ್ತು ‘ಎ ಗರ್ಲ್ ಇನ್ ವಿಂಟರ್’ (೧೯೪೭) ಎಂಬ ಎರಡು ಕಾದಂಬರಿಗಳು ಬಂದವು. ಥಾಮಸ್ ಹಾರ್ಡಿಯ ಕವಿತೆಗಳ ಓದು ಅವರನ್ನು ಯೇಟ್ಸ್‌ನ ಮಾರ್ಗದಿಂದ ಬಿಡಿಸಿ, ನಿತ್ಯಜೀವನದ ಸಂಗತಿಗಳ ಕಡೆಗೆ ತಿರುಗಿಸಿತು. ‘ದ ಲೆಸ್ ಡಿಸೀವ್ಡ್’ (೧೯೫೫) ಅವರನ್ನು ಪ್ರಸಿದ್ಧಿಗೆ ತಂದಿತು. ಅನಂತರದ ಮೂರು ದಶಕಗಳಲ್ಲಿ ಬಂದ ಸಂಕಲನಗಳು ಎರಡೇ: ‘ದ ವಿಟ್ಸನ್ ವೆಡಿಂಗ್ಸ್’ (೧೯೬೪) ಮತ್ತು ‘ಹೈ ವಿಂಡೋಸ್’ (೧೯೭೪). ವೃದ್ಧಾಪ್ಯ, ಮರಣಭಯ, ಒಂಟಿತನ, ಈಡೇರದ ನಿರೀಕ್ಷೆ ಇವು ಅವರ ಮುಖ್ಯ ವಸ್ತುಗಳು. ಆಡುಮಾತಿಗೆ ಹತ್ತಿರವಾದ ಭಾಷೆಯನ್ನು ಛಂದಸ್ಸು ಮತ್ತು ಪ್ರಾಸಗಳ ಕಟ್ಟಿನೊಳಗೆ ಸಹಜವಾಗಿ ಹರಿಸಿದ್ದು ಅವರ ಶೈಲಿಯ ವಿಶೇಷ. ಜ್ಯಾಜ್ ಸಂಗೀತದ ವಿಮರ್ಶಕರಾಗಿಯೂ ಅವರು ಹೆಸರಾಗಿದ್ದರು.

೧೯೬೫ರಲ್ಲಿ ಕಾವ್ಯಕ್ಕಾಗಿ ರಾಣಿಯ ಚಿನ್ನದ ಪದಕ ಅವರಿಗೆ ದೊರೆಯಿತು. ೧೯೮೪ರಲ್ಲಿ ಜಾನ್ ಬೆಜಮನ್ ತೀರಿಕೊಂಡ ಬಳಿಕ ಬ್ರಿಟನ್ನಿನ ಆಸ್ಥಾನಕವಿ ಪದವಿ ತಮ್ಮನ್ನು ಅರಸಿ ಬಂದಾಗ ಅದನ್ನು ನಿರಾಕರಿಸಿದರು. ಆ ಪದವಿ ಟೆಡ್ ಹ್ಯೂಸ್ ಅವರಿಗೆ ಸಂದಿತು.

ಮರಣ ಮತ್ತು ವಿವಾದ

ಅನ್ನನಾಳದ ಕ್ಯಾನ್ಸರಿನಿಂದ ಬಳಲಿ, ೧೯೮೫ರ ಡಿಸೆಂಬರ್ ೨ರಂದು ತಮ್ಮ ೬೩ನೆಯ ವಯಸ್ಸಿನಲ್ಲಿ ಲಾರ್ಕಿನ್ ನಿಧನರಾದರು. ಹಲ್ ಬಳಿಯ ಕಾಟಿಂಗ್‌ಹ್ಯಾಮ್‌ನಲ್ಲಿ ಅವರ ಸಮಾಧಿಯಿದೆ. ಅವರ ಇಚ್ಛೆಯಂತೆ ದಿನಚರಿಗಳನ್ನು ನಾಶಪಡಿಸಲಾಯಿತು. ಪತ್ರಗಳು ಮಾತ್ರ ಉಳಿದವು. ೧೯೯೨ರಲ್ಲಿ ಆಂಟನಿ ಥ್ವೇಟ್ ಸಂಪಾದಿಸಿದ ಪತ್ರಸಂಗ್ರಹವೂ ಮರುವರ್ಷ ಆಂಡ್ರೂ ಮೋಷನ್ ಬರೆದ ಜೀವನಚರಿತ್ರೆಯೂ ಪ್ರಕಟವಾದಾಗ, ಅವರ ಖಾಸಗಿ ಬರಹದಲ್ಲಿದ್ದ ಜನಾಂಗದ್ವೇಷದ ಹಾಗೂ ಸ್ತ್ರೀಯರನ್ನು ಹೀಗಳೆಯುವ ಮಾತುಗಳು ಬೆಳಕಿಗೆ ಬಂದವು. ಕವಿಯ ದೋಷವನ್ನು ಕವಿತೆಯ ಮೇಲೂ ಹೊರಿಸಬೇಕೆ ಎಂಬ ಚರ್ಚೆ ಇದರಿಂದ ಆರಂಭವಾಯಿತು.

ಸಂಘ ಮತ್ತು ಸ್ಮರಣೋತ್ಸವಗಳು

ಈ ಚರ್ಚೆ ತಣಿಯುವ ಮೊದಲೇ, ಕವಿಯ ಹತ್ತನೆಯ ಪುಣ್ಯತಿಥಿಯ ವರ್ಷವಾದ ೧೯೯೫ರಲ್ಲಿ, ಹಲ್‌ನಲ್ಲಿ ‘ಫಿಲಿಪ್ ಲಾರ್ಕಿನ್ ಸೊಸೈಟಿ’ ಸ್ಥಾಪನೆಯಾಯಿತು. ಉಪನ್ಯಾಸ, ಕಾವ್ಯವಾಚನ, ವಿಚಾರಗೋಷ್ಠಿ ಮತ್ತು ಕವಿಗೆ ಸಂಬಂಧಿಸಿದ ಸ್ಥಳಗಳ ಸಂದರ್ಶನ ಇದರ ಮುಖ್ಯ ಚಟುವಟಿಕೆಗಳು. ‘ಅಬೌಟ್ ಲಾರ್ಕಿನ್’ ಎಂಬ ನಿಯತಕಾಲಿಕವನ್ನೂ ಸಂಘ ಹೊರತರುತ್ತದೆ.

೨೦೧೦ರಲ್ಲಿ, ಕವಿ ತೀರಿಕೊಂಡು ೨೫ ವರ್ಷವಾದ ಸಂದರ್ಭದಲ್ಲಿ, ‘ಲಾರ್ಕಿನ್ ೨೫’ ಉತ್ಸವ ಜರುಗಿತು. ದುಡಿಮೆಯ ಹೊರೆಯನ್ನು ನೆಲಗಪ್ಪೆಗೆ ಹೋಲಿಸಿದ ಅವರ ಕವಿತೆಯ ನೆನಪಿಗೆ ಬಣ್ಣಬಣ್ಣದ ದೊಡ್ಡ ಕಪ್ಪೆಯ ಬೊಂಬೆಗಳನ್ನು ನಗರದ ಬೀದಿಗಳಲ್ಲಿ ನಿಲ್ಲಿಸಲಾಯಿತು. ಕವಿಯ ಪುಣ್ಯತಿಥಿಯಂದು ಹಲ್‌ನ ರೈಲು ನಿಲ್ದಾಣದಲ್ಲಿ ಶಿಲ್ಪಿ ಮಾರ್ಟಿನ್ ಜೆನ್ನಿಂಗ್ಸ್ ರಚಿಸಿದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ‘ದ ವಿಟ್ಸನ್ ವೆಡಿಂಗ್ಸ್’ ಕವಿತೆ ಹಲ್‌ನಿಂದ ಲಂಡನ್ನಿಗೆ ಹೊರಟ ರೈಲು ಪಯಣವನ್ನು ಕುರಿತದ್ದು. ಪ್ರತಿಮೆಯ ಕವಿಯೂ ರೈಲು ಹಿಡಿಯಲು ಅವಸರದಿಂದ ಹೊರಟ ಭಂಗಿಯಲ್ಲಿದ್ದಾರೆ. ೨೦೧೬ರ ಡಿಸೆಂಬರ್ ೨ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವರ ಹೆಸರಿನ ಸ್ಮಾರಕ ಶಿಲೆಯನ್ನು ಅನಾವರಣಗೊಳಿಸಲಾಯಿತು.

ಈ ಸ್ಮರಣೆ ಕೇವಲ ಗುಣಗಾನವಾಗಿ ಉಳಿದಿಲ್ಲ. ೨೦೧೭ರಲ್ಲಿ ಹಲ್ ಬ್ರಿಟನ್ನಿನ ಸಂಸ್ಕೃತಿ ನಗರವಾಗಿದ್ದಾಗ, ಲಾರ್ಕಿನ್ ದುಡಿದ ಗ್ರಂಥಾಲಯದಲ್ಲಿಯೇ ಅವರ ವಸ್ತುಗಳ ಪ್ರದರ್ಶನ ನಡೆಯಿತು. ಅವರ ಪುಸ್ತಕಗಳು ಮತ್ತು ಉಡುಪುಗಳ ಜೊತೆಗೆ, ತಂದೆಯ ಮೂಲಕ ಬಂದಿದ್ದ ಹಿಟ್ಲರನ ಪುಟ್ಟ ಬೊಂಬೆಯನ್ನೂ ಅಲ್ಲಿ ಮುಚ್ಚಿಡದೆ ಇಡಲಾಗಿತ್ತು. ಶತಮಾನೋತ್ಸವದ ವರ್ಷವಾದ ೨೦೨೨ರಲ್ಲಿ ಒಂದೆಡೆ ಸಂಘದ ಕಾರ್ಯಕ್ರಮಗಳು ನಡೆದರೆ, ಇನ್ನೊಂದೆಡೆ ಇಂಗ್ಲೆಂಡಿನ ಪರೀಕ್ಷಾ ಮಂಡಳಿಯೊಂದು ವೈವಿಧ್ಯವನ್ನು ಹೆಚ್ಚಿಸುವ ಉದ್ದೇಶದಿಂದ ಶಾಲಾ ಕಾವ್ಯಸಂಗ್ರಹವನ್ನು ಪರಿಷ್ಕರಿಸಿ, ಲಾರ್ಕಿನ್ ಅವರ ‘ಆನ್ ಅರಂಡೆಲ್ ಟೂಂಬ್’ ಕವಿತೆಯನ್ನು ಕೈಬಿಟ್ಟಿತು. ಆ ನಿರ್ಧಾರ ಟೀಕೆಗೊಳಗಾಯಿತು. ವೆಸ್ಟ್‌ಮಿನ್‌ಸ್ಟರ್ ಅಬೆಯ ಶಿಲೆಯ ಮೇಲೆ ಕೆತ್ತಿರುವುದು ಅದೇ ಕವಿತೆಯ ಕೊನೆಯ ಸಾಲುಗಳನ್ನು.