ಅಹಮದಾಬಾದಿನ ಪುರಸಭೆಯಲ್ಲಿ ವಲ್ಲಭಭಾಯಿ ಪಟೇಲರು

ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರೆತ್ತಿದೊಡನೆ ನಮಗೆ ನೆನಪಾಗುವುದು ದೇಶೀಯ ಸಂಸ್ಥಾನಗಳ ವಿಲೀನ. ಐನೂರಕ್ಕೂ ಮಿಕ್ಕಿದ ಸಂಸ್ಥಾನಗಳನ್ನು ಒಂದು ಒಕ್ಕೂಟದೊಳಗೆ ತಂದ ಉಪಪ್ರಧಾನಿಯೆಂದು ಶಾಲೆಯ ಮಕ್ಕಳೂ ಅವರನ್ನು ಬಲ್ಲರು. ಬಾರ್ಡೋಲಿಯ ರೈತರ ಮುಂದಾಳೆಂದು ಹಿರಿಯರು ಬಲ್ಲರು. ಆದರೆ ಈ ಎರಡು ಕೆಲಸಗಳಿಗೂ ಮೊದಲು ಅವರು ಒಂದು ಊರಿನ ಪುರಸಭೆಯಲ್ಲಿ ಕುಳಿತು ಚರಂಡಿ, ನಳ್ಳಿನೀರು, ಕಸ, ಪ್ರಾಥಮಿಕ ಶಾಲೆ, ತೆರಿಗೆ ಇವುಗಳ ಕಡತಗಳನ್ನು ಓದಿದವರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1917ರಿಂದ 1928ರವರೆಗೆ, ನಡುವಿನ ಎರಡು ವರ್ಷ ಬಿಟ್ಟರೆ, ಅಹಮದಾಬಾದು ಪುರಸಭೆಯ ವ್ಯವಹಾರದಲ್ಲಿ ಅವರ ಕೈ ಇತ್ತು. ಆ ಅವಧಿಯ ವಿಚಾರವನ್ನೇ ನಾವು ಇಂದು ಓದುಗರ ಮುಂದಿಡಬಯಸುತ್ತೇವೆ.

ವಲ್ಲಭಭಾಯಿಯವರು ಹುಟ್ಟಿದ್ದು ಗುಜರಾತಿನ ನಡಿಯಾದಿನಲ್ಲಿ. ಮೂಲ ಊರು ಕರಮಸದ. ತಂದೆ ಝವೇರಭಾಯಿ ಸಾಮಾನ್ಯ ಕೃಷಿಕರು. ಹುಟ್ಟಿದ ದಿನವೆಂದು ರೂಢಿಯಲ್ಲಿರುವುದು 1875ರ ಅಕ್ಟೋಬರ್ 31. ಅದು ಮೆಟ್ರಿಕ್ ಪರೀಕ್ಷೆಯ ಅರ್ಜಿಯಲ್ಲಿ ಅವರೇ ಬರೆದ ತಾರೀಕು. ಕಾಲೇಜಿನ ಮೆಟ್ಟಲು ಹತ್ತುವ ಅನುಕೂಲ ಅವರಿಗಿರಲಿಲ್ಲ. ಡಿಸ್ಟ್ರಿಕ್ಟ್ ಪ್ಲೀಡರ್ ಪರೀಕ್ಷೆ ಮುಗಿಸಿ 1900ರಲ್ಲಿ ಗೋಧ್ರಾದಲ್ಲಿ ವಕೀಲಿ ಆರಂಭಿಸಿದರು. ಮುಂದೆ ಬೋರಸದಕ್ಕೆ ಬಂದರು. ವಿಲಾಯತಿಗೆ ಹೋಗಲು ಹಣ ಕೂಡಿಸಿದಾಗ, ತಮ್ಮ ಹೆಸರಿನ ಮೊದಲಕ್ಷರಗಳೇ ಅಣ್ಣ ವಿಠ್ಠಲಭಾಯಿಯವರಿಗೂ ಇದ್ದುದರಿಂದ, ಅಣ್ಣನ ಇಚ್ಛೆಗೆ ಮಣಿದು ಅವರನ್ನೇ ಮೊದಲು ಕಳುಹಿಸಿದರು. 1909ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ, ಮೂವತ್ತೈದರ ಹೊತ್ತಿಗೆ, ತಾವು ಲಂಡನ್ನಿಗೆ ಹೊರಟರು. ಮೂವತ್ತಾರು ತಿಂಗಳ ಓದನ್ನು ಮೂವತ್ತು ತಿಂಗಳಲ್ಲಿ ಮುಗಿಸಿ, 1913ರಲ್ಲಿ ಬ್ಯಾರಿಸ್ಟರರಾಗಿ ಅಹಮದಾಬಾದಿನಲ್ಲಿ ನೆಲೆಸಿದರು. ಕೈತುಂಬ ಸಂಪಾದನೆ, ಉತ್ತಮ ಪೋಷಾಕು, ಸಂಜೆ ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟು: ಇದು ಆಗಿನ ಅವರ ದಿನಚರಿ. 1915ರಲ್ಲಿ ಗಾಂಧೀಜಿ ಆ ಊರಲ್ಲೇ ಆಶ್ರಮ ಕಟ್ಟಿದಾಗ ಬ್ಯಾರಿಸ್ಟರರು ಅದನ್ನು ಗೇಲಿ ಮಾಡಿದವರೇ ಹೊರತು ಹತ್ತಿರ ಹೋದವರಲ್ಲ.

ಆಗಿನ ಅಹಮದಾಬಾದು ಕಲ್ಕತ್ತ, ಮುಂಬಯಿಗಳ ಮುಂದೆ ಚಿಕ್ಕ ಊರೇ. ಜನಸಂಖ್ಯೆ ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಹಳೆಯ ಕೋಟೆಗೋಡೆಯೊಳಗೆ ಇಕ್ಕಟ್ಟಾದ ಓಣಿಗಳು. ಗೋಡೆಯ ಹೊರಗೆ ಬಟ್ಟೆ ಗಿರಣಿಗಳ ಚಿಮಿಣಿಗಳು, ಕೂಲಿಕಾರರ ಕೇರಿಗಳು. 1861ರಲ್ಲಿ ಅಲ್ಲಿಯ ಮೊದಲ ಗಿರಣಿ ಆರಂಭಿಸಿದ ರಣಛೋಡಲಾಲ್ ಛೋಟಾಲಾಲರೇ ಪುರಸಭೆಯ ಅಧ್ಯಕ್ಷರಾಗಿ, 1891ರಲ್ಲಿ ಸಾಬರಮತಿಯ ನೀರನ್ನು ನಳ್ಳಿಯಲ್ಲಿ ಹರಿಸಿದರು. ನೆಲದಡಿಯ ಚರಂಡಿಗೂ ಅವರೇ ಕೈಹಾಕಿದರು. ತೆರಿಗೆ ಏರುತ್ತದೆ, ಆಚಾರ ಕೆಡುತ್ತದೆ ಎಂದು ಊರವರು ಆಗ ದೊಡ್ಡ ಗದ್ದಲವನ್ನೇ ಎಬ್ಬಿಸಿದ್ದರು. ನೀರು ಎಲ್ಲರಿಗೂ ಬೇಕು, ಅದರ ಖರ್ಚು ಯಾರಿಗೂ ಬೇಡ ಎಂಬ ತಕರಾರು ಇಂದಿನದ್ದಲ್ಲವೆಂದು ತಿಳಿಸಲಷ್ಟೇ ಇದನ್ನು ಹೇಳಿದ್ದೇವೆ.

ಪುರಸಭೆಯ ಅಧಿಕಾರವಾದರೂ ಎಷ್ಟು? 1901ರ ಮುಂಬಯಿ ಡಿಸ್ಟ್ರಿಕ್ಟ್ ಮುನಿಸಿಪಲ್ ಕಾಯಿದೆಯ ಚೌಕಟ್ಟಿನೊಳಗೆ ನಡೆಯತಕ್ಕದ್ದು. 1910ರಲ್ಲಿ ಸರಕಾರ ಈ ಸಭೆಯನ್ನು ಬರ್ಖಾಸ್ತು ಮಾಡಿ ಐದು ವರ್ಷ ತನ್ನ ಸಮಿತಿಯಿಂದ ಊರನ್ನು ಆಳಿಸಿತು. ಚುನಾಯಿತ ಸಭೆ ಮರಳಿದಾಗಲೂ ಅದರ ಮೇಲೆ ಐ.ಸಿ.ಎಸ್. ಅಧಿಕಾರಿಯೊಬ್ಬರನ್ನು ಮುನಿಸಿಪಲ್ ಕಮಿಷನರರೆಂದು ತಂದು ಕೂರಿಸಿತು. ಸದಸ್ಯರು ಗೊತ್ತುವಳಿ ಮಾಡುವುದು, ಕಮಿಷನರರು ತಮಗೆ ತೋಚಿದಂತೆ ನಡೆಸುವುದು ಎಂಬಂತಾಯಿತು. ಇದನ್ನು ಕಂಡು ಬೇಸತ್ತ ಊರ ಮುಖಂಡರು ಕಾನೂನು ಬಲ್ಲ, ಅಂಜದ ಒಬ್ಬರು ಬೇಕೆಂದು ವಲ್ಲಭಭಾಯಿಯವರನ್ನು ಒತ್ತಾಯಿಸಿದರು. 1917ರ ಆರಂಭದಲ್ಲಿ ದರಿಯಾಪುರ ವಾರ್ಡಿನ ಉಪಚುನಾವಣೆಯಲ್ಲಿ ಅವರು ನಿಂತು ಗೆದ್ದರು. ಗೆದ್ದದ್ದು ಕೇವಲ ಒಂದು ಮತದಿಂದ. ಆ ಒಂದು ಮತ ಹಾಕಿದವರ ಹೆಸರು ಚರಿತ್ರೆಯಲ್ಲಿಲ್ಲ. ಆದರೆ ಮತಗಟ್ಟೆಗೆ ಹೋಗಿಬರಲು ಉದಾಸೀನ ಮಾಡುವವರು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಸಭೆಗೆ ಬಂದ ಹೊಸ ಸದಸ್ಯರು ಮೊದಲು ಮಾಡಿದ ಕೆಲಸ ಹಳೆಯ ಕಡತಗಳನ್ನು ತರಿಸಿ ಓದಿದ್ದು. ಒಂದು ಕೆರೆಯ ಸ್ವಾಧೀನಕ್ಕೆ ಸಂಬಂಧಿಸಿದ ವ್ಯವಹಾರದಲ್ಲಿ ಕಮಿಷನರ್ ಶಿಲ್ಲಿಡಿ ಎಂಬವರು ಪುರಸಭೆಯ ಹಿತಕ್ಕೆ ವಿರುದ್ಧವಾಗಿ ನಡೆದುಕೊಂಡದ್ದು ಅವರ ಗಮನಕ್ಕೆ ಬಂತು. ದೊರೆತನದ ಕಾಲ, ಬಿಳಿಯ ಅಧಿಕಾರಿಯ ಮೇಲೆ ಬೊಟ್ಟುಮಾಡಲು ಸಭೆಯಲ್ಲಿ ಅಳುಕು ಸಹಜ. ವಲ್ಲಭಭಾಯಿಯವರು ಗಂಟಲು ಏರಿಸಲಿಲ್ಲ. ಕಾಗದಪತ್ರಗಳನ್ನು ಒಂದೊಂದಾಗಿ ಸಭೆಯ ಮುಂದಿಟ್ಟು, ಕಮಿಷನರರ ವಿರುದ್ಧ ಗೊತ್ತುವಳಿ ಮಂಡಿಸಿ ಪಾಸು ಮಾಡಿಸಿದರು. ಆ ವರ್ಷವೇ ಸರಕಾರ ಶಿಲ್ಲಿಡಿಯವರನ್ನು ಅಲ್ಲಿಂದ ವರ್ಗ ಮಾಡಬೇಕಾಯಿತು. ಸತ್ಯಾಗ್ರಹವೆಂಬ ಮಾತನ್ನು ಅವರು ಸರಿಯಾಗಿ ಕಲಿಯುವ ಮೊದಲೇ ಪಡೆದ ಗೆಲುವಿದು. ಇದಕ್ಕೆ ಬಳಸಿದ ಆಯುಧ ಸರಕಾರವೇ ಮಾಡಿದ ಕಾಯಿದೆ, ಸರಕಾರದ್ದೇ ಕಡತ.

ಅದೇ ವರ್ಷ ಊರಿಗೆ ಪ್ಲೇಗು ಬಂತು. ಶಾಲೆ, ಕೋರ್ಟುಗಳು ಮುಚ್ಚಿದವು. ಅನುಕೂಲವಿದ್ದವರು ಊರು ಬಿಟ್ಟರು. ವಲ್ಲಭಭಾಯಿಯವರು ಆಗ ನೈರ್ಮಲ್ಯ ಸಮಿತಿಯ ಅಧ್ಯಕ್ಷರು. ಮಿತ್ರರು ಹೇಳಿದರೂ ಅವರು ಊರು ಬಿಡಲಿಲ್ಲ. ಓಣಿ ಓಣಿ ತಿರುಗಿ, ಚರಂಡಿ ಶುಚಿಮಾಡಿಸುವುದು, ಔಷಧಿ ಸಿಂಪಡಿಸುವುದು ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಿದರು. ಜಾಡಮಾಲಿಗಳು ಬೀದಿಯಲ್ಲಿರುವಾಗ ಸಮಿತಿಯ ಅಧ್ಯಕ್ಷ ಮನೆಯಲ್ಲಿ ಕೂರಬಾರದೆಂಬುದು ಅವರ ನಡತೆಯಿಂದಲೇ ತಿಳಿಯಿತು. ಈ ಓಡಾಟದಿಂದ ಅವರ ಆರೋಗ್ಯವೂ ಕೆಟ್ಟಿತು. ಇದೇ ದಿನಗಳಲ್ಲಿ ಗಾಂಧೀಜಿ ಅಧ್ಯಕ್ಷರಾದ ಗುಜರಾತ್ ಸಭೆಗೆ ಅವರು ಕಾರ್ಯದರ್ಶಿಯಾದರು. 1918ರಲ್ಲಿ ಖೇಡಾ ಜಿಲ್ಲೆಯ ರೈತರ ಹೋರಾಟಕ್ಕೆ ಇಳಿದರು. ಕ್ಲಬ್ಬು ಹಿಂದೆ ಬಿತ್ತು. ಪುರಸಭೆ ಮಾತ್ರ ಬಿಡಲಿಲ್ಲ.

ಅಸಹಕಾರದ ಕಾಲದಲ್ಲಿ ಬಂದದ್ದು ದೊಡ್ಡ ಪರೀಕ್ಷೆ. ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಪುರಸಭೆ. ಸರಕಾರ ಕೊಡುವುದು ಸಹಾಯಧನ. ಅದರ ಬಲದಿಂದ ಶಾಲೆಗಳ ಮೇಲೆ ಹತೋಟಿ ಸರಕಾರದ್ದು. ಸಹಾಯಧನವೇ ಬೇಡ, ತನಿಖೆಯೂ ಬೇಡ ಎಂದು ಪುರಸಭೆ ನಿರ್ಣಯಿಸಿತು. ಇನ್‌ಸ್ಪೆಕ್ಟರರಿಗೆ ಶಾಲೆಯ ಬಾಗಿಲು ಮುಚ್ಚಿತು. ಸೂರತ್ತು, ನಡಿಯಾದುಗಳ ಪುರಸಭೆಗಳೂ ಇದೇ ದಾರಿ ಹಿಡಿದವು. ಸರಕಾರ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕಳುಹಿಸಿತು. ಪ್ರತಿಯೊಂದಕ್ಕೂ ಕಾಯಿದೆಯ ಕಲಮನ್ನು ತೋರಿಸಿ ಉತ್ತರ ಹೋಯಿತು. ಕೊನೆಗೆ 1922ರ ಫೆಬ್ರವರಿಯಲ್ಲಿ ಸರಕಾರ ಚುನಾಯಿತ ಸಭೆಯನ್ನೇ ತೆಗೆದುಹಾಕಿತು. ಊರವರು ಚಂದಾ ಎತ್ತಿ ತಮ್ಮದೇ ಶಾಲೆಗಳನ್ನು ತೆರೆದರು. ಅನೇಕ ಉಪಾಧ್ಯಾಯರು ಸರಕಾರದ ಕಡೆಯನ್ನು ಬಿಟ್ಟು ಅಲ್ಲಿಗೆ ಬಂದರು. ಶಾಲೆಗಳಿಗೆ ಖರ್ಚಾದ ಪುರಸಭೆಯ ಹಣವನ್ನು ಸದಸ್ಯರ ಕೈಯಿಂದಲೇ ವಸೂಲು ಮಾಡಬೇಕೆಂದು ಸರಕಾರ ದಾವೆ ಹೂಡಿತು. ವಲ್ಲಭಭಾಯಿಯವರೂ ಅವರ ಸಂಗಡಿಗರೂ ಮನೆಮಾರು ಕಳೆದುಕೊಳ್ಳುವ ಅಪಾಯವಿದ್ದ ದಾವೆಯದು. ನ್ಯಾಯಾಲಯ ಅದನ್ನು ವಜಾ ಮಾಡಿತು.

ಈ ಹೋರಾಟ ಪೂರ್ತಿ ಫಲಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಚಂದಾ ಹಣದಿಂದ ಒಂದು ಊರಿನ ಮಕ್ಕಳನ್ನೆಲ್ಲ ವರ್ಷಗಟ್ಟಲೆ ಓದಿಸುವುದು ಸುಲಭವಲ್ಲ. ಎರಡು ವರ್ಷದಲ್ಲಿ ಉತ್ಸಾಹ ತಗ್ಗಿತು. ಪುರಸಭೆ ಹೊರಗಿನವರ ಕೈಯಲ್ಲಿದ್ದರೆ ಶಾಲೆಯೂ ಇಲ್ಲ, ಚರಂಡಿಯೂ ಇಲ್ಲ ಎಂಬುದು ಮನವರಿಕೆಯಾಗಿ, 1924ರ ಚುನಾವಣೆಗೆ ಅವರು ಮತ್ತೆ ನಿಂತರು. ಗೆದ್ದು ಪುರಸಭೆಯ ಅಧ್ಯಕ್ಷರಾದರು. ಆ ಕಾಲದಲ್ಲಿ ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರೂ, ಪಾಟ್ನಾದಲ್ಲಿ ರಾಜೇಂದ್ರ ಪ್ರಸಾದರು, ಕಲ್ಕತ್ತದಲ್ಲಿ ಚಿತ್ತರಂಜನ ದಾಸರು ಪೌರಾಡಳಿತದ ಗದ್ದುಗೆಯಲ್ಲಿದ್ದರು. ಕೆಲವು ವರ್ಷ ಮುಂಚೆ, ನಮ್ಮಂತೆಯೇ ಗಡಿನಾಡಾದ ಹೊಸೂರಿನ ಬಳಿ ಹುಟ್ಟಿದ ರಾಜಾಜಿಯವರು ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ನೆಹರೂ, ಪ್ರಸಾದರು ಈ ಕೆಲಸದಲ್ಲಿ ಬಹುಕಾಲ ನಿಲ್ಲಲಿಲ್ಲ. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕುರ್ಚಿಗೆ ಅಂಟಿಕೊಂಡು ದುಡಿದವರು ವಲ್ಲಭಭಾಯಿ.

ಅವರ ಅಧ್ಯಕ್ಷತೆಯಲ್ಲಿ ನೀರು ಸರಬರಾಜು, ಚರಂಡಿ ಜಾಲಗಳು ವಿಸ್ತಾರಗೊಂಡವು. ಹೊಳೆಯಾಚೆ ಎಲ್ಲಿಸ್ ಸೇತುವೆಯ ಕಡೆಗೆ ಹೊಸ ಬಡಾವಣೆಗಳ ಯೋಜನೆ ಮುಂದುವರಿಯಿತು. ಊರನ್ನು ಬಿಗಿದಿದ್ದ ಕೋಟೆಗೋಡೆಯನ್ನು ಕೆಡವಿ ರಸ್ತೆ ಮಾಡುವ ಕೆಲಸ ಆರಂಭವಾಯಿತು. ಗೋಡೆ ಬೀಳುವುದನ್ನು ಒಪ್ಪದವರೂ ಇದ್ದರು. ಹಳೆಯದನ್ನು ಕಳೆದುಕೊಂಡ ನೋವು ಅವರದು. ಸಭೆಯಲ್ಲಿ ವಾದ ನಡೆಯಿತು, ಮತಕ್ಕೆ ಹಾಕಲಾಯಿತು, ಕೆಲಸ ಸಾಗಿತು. ಮುಂದೆ ಲೋಕಸಭೆಯ ಮೊದಲ ಸ್ಪೀಕರರಾದ ಗಣೇಶ ವಾಸುದೇವ ಮಾವಳಂಕರರು ಈ ಪುರಸಭೆಯಲ್ಲೇ ಪಳಗಿದವರೆಂಬುದು ಗಮನಾರ್ಹ.

1927ರ ಜುಲೈ ತಿಂಗಳ ಕೊನೆಯಲ್ಲಿ ಗುಜರಾತಿಗೆ ಕಂಡರಿಯದ ಮಳೆ ಸುರಿಯಿತು. ಅಹಮದಾಬಾದಿನಲ್ಲಿ ವಾರವೊಂದರಲ್ಲೇ ಸುಮಾರು 50 ಇಂಚು. ನಮ್ಮ ಕರಾವಳಿಗೆ ಆಟಿ ತಿಂಗಳ ಮಳೆ ಹೊಸದಲ್ಲ. ಆದರೆ ವರ್ಷವಿಡೀ ಮೂವತ್ತು ಇಂಚಿನ ಆಸುಪಾಸಿನಲ್ಲಿ ಮಳೆ ಕಾಣುವ ಊರಿನಲ್ಲಿ ಇಷ್ಟು ನೀರು ಬಿದ್ದರೆ ಏನಾದೀತೆಂದು ಓದುಗರೇ ಊಹಿಸಬಹುದು. ಮಣ್ಣಿನ ಮನೆಗಳು ಕುಸಿದವು, ರೈಲು ನಿಂತಿತು. ನಡುರಾತ್ರಿ ಮಳೆ ನಿಲ್ಲದ್ದನ್ನು ಕಂಡು ಪುರಸಭೆಯ ಅಧ್ಯಕ್ಷರು ಮನೆಯಿಂದ ಹೊರಬಿದ್ದರು. ತೊಯ್ದುಕೊಂಡೇ ಊರು ಸುತ್ತಿ, ಇಂಜಿನಿಯರರನ್ನು ಎಬ್ಬಿಸಿ, ನೀರು ಕಟ್ಟಿಕೊಂಡ ಮೋರಿಗಳನ್ನು ಒಡೆಸಿ ಹರಿಯಲು ದಾರಿ ಮಾಡಿಸಿದರು. ಯಾವ ಮೋರಿ ಎಲ್ಲಿಗೆ ಹೋಗುತ್ತದೆಂದು ಹತ್ತು ವರ್ಷದಿಂದ ತಿಳಿದಿದ್ದವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು. ಗಾಂಧೀಜಿ ಆಗ ಅಸ್ವಸ್ಥರಾಗಿ ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದರು. ಅವರು ಬರುವ ತನಕ ಕಾಯದೆ, ವಲ್ಲಭಭಾಯಿಯವರು ಗುಜರಾತಿನ ಹಳ್ಳಿಹಳ್ಳಿಗೂ ಅಕ್ಕಿ, ಬಟ್ಟೆ, ಬಿತ್ತನೆಬೀಜ ತಲಪುವ ಏರ್ಪಾಡು ಮಾಡಿದರು. ಸರಕಾರವೂ ಪರಿಹಾರಕ್ಕೆ ಹಣ ಬಿಚ್ಚಬೇಕಾಯಿತು.

ಮರುವರ್ಷ ಫೆಬ್ರವರಿಯಲ್ಲಿ ಬಾರ್ಡೋಲಿ ತಾಲೂಕಿನ ರೈತರು ಏರಿಸಿದ ಭೂಕಂದಾಯದ ವಿರುದ್ಧ ನಿಂತಾಗ ಮುಂದಾಳುತನ ಅವರಿಗೆ ಬಂತು. 1928ರ ಎಪ್ರಿಲಿನಲ್ಲಿ ಅವರು ಪುರಸಭೆಯ ಅಧ್ಯಕ್ಷ ಪದವಿಗೆ ರಾಜೀನಾಮೆಯಿತ್ತರು. ಆಗಸ್ಟಿನಲ್ಲಿ ಸರಕಾರ ಮಣಿಯಿತು. ಸರ್ದಾರ್ ಎಂಬ ಹೆಸರು ಆ ಹೋರಾಟದಲ್ಲಿ ಅವರಿಗೆ ಅಂಟಿತು. ಆಮೇಲಿನದ್ದು ಎಲ್ಲರಿಗೂ ಗೊತ್ತು: ಸೆರೆಮನೆ, ಕಾಂಗ್ರೆಸ್ಸು, ಗೃಹಮಂತ್ರಿ ಪದವಿ, ಸಂಸ್ಥಾನಗಳು. 1950ರ ಡಿಸೆಂಬರ್ 15ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ಅವರು ಆಳಿದ ಪುರಸಭೆ ಅದೇ ವರ್ಷ ಮಹಾನಗರಪಾಲಿಕೆಯಾಗಿತ್ತು.

ಗಡಿನಾಡಿನ ನಮಗೆ ಸರ್ದಾರರ ಬಗ್ಗೆ ಒಂದೇ ಬಗೆಯ ಭಾವನೆ ಇರಬೇಕಾಗಿಲ್ಲ. ಭಾಷಾವಾರು ಪ್ರಾಂತಗಳ ರಚನೆಯನ್ನು ಮುಂದಕ್ಕೆ ಹಾಕಬೇಕೆಂದು 1949ರಲ್ಲಿ ಹೇಳಿದ ಮೂವರ ಸಮಿತಿಯಲ್ಲಿ ನೆಹರೂ, ಪಟ್ಟಾಭಿ ಸೀತಾರಾಮಯ್ಯನವರ ಜೊತೆ ಅವರೂ ಇದ್ದರು. ಆ ಸಲಹೆಯನ್ನು ಕನ್ನಡಿಗರು ಒಪ್ಪಲಿಲ್ಲ. 1956ರಲ್ಲಿ ಪ್ರಾಂತಗಳಾದಾಗ ಕಾಸರಗೋಡು ಕೇರಳಕ್ಕೆ ಸೇರಿದ ನೋವು ನಮ್ಮದು. ಆದರೆ ದೊಡ್ಡ ತೀರ್ಮಾನಗಳು ನಮ್ಮ ಕೈ ಮೀರಿ ಆದ ಮೇಲೆ ಉಳಿಯುವುದು ಚಿಕ್ಕ ಸಭೆಗಳು: ಪಂಚಾಯತು, ನಗರಸಭೆ, ವಾರ್ಡು ಸಭೆ. ಅಲ್ಲಿ ಸಂಖ್ಯೆಯಲ್ಲಿ ಕಡಿಮೆಯಿರುವವರು ಏನು ಮಾಡಬಹುದೆಂಬುದಕ್ಕೆ ಅಹಮದಾಬಾದಿನ ಪಟೇಲರು ದಾರಿ ತೋರುತ್ತಾರೆ.

ಕೇರಳದ 1969ರ ರಾಜಭಾಷಾ ಕಾಯಿದೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಈ ಹಕ್ಕನ್ನು ಹಿಡಿದು ಕನ್ನಡದಲ್ಲಿ ಅರ್ಜಿ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ಮಲಯಾಳದಲ್ಲಿ ಬಂದ ಉತ್ತರವನ್ನು ಹಿಂತಿರುಗಿಸಿ ಕನ್ನಡದಲ್ಲಿ ಕೊಡಿರೆಂದು ಕೇಳಿದವರು ಎಷ್ಟು ಮಂದಿ? ಕಾಯಿದೆಯ ಪುಸ್ತಕ ಕಪಾಟಿನಲ್ಲಿದ್ದರೆ ಸಾಲದು. ಅದನ್ನು ಓದಿ, ಕಲಮು ತೋರಿಸಿ, ಸಭೆಯಲ್ಲಿ ಎದ್ದು ನಿಲ್ಲುವ ಸದಸ್ಯರು ಬೇಕು. ಅವರನ್ನು ಆರಿಸುವ ಮತದಾರರು ಬೇಕು, ಒಂದೇ ಮತದ ಅಂತರದಿಂದಾದರೂ. ಆರಿಸಿದ ಮೇಲೆ ಅವರು ಮಳೆಗಾಲದಲ್ಲಿ ಮೋರಿಯ ಬಳಿ ಕಾಣಿಸುತ್ತಾರೆಯೇ ಎಂದು ನೋಡುವುದೂ ನಮ್ಮದೇ ಕೆಲಸ.