ಉಳ್ಳಾಲ ಶ್ರೀನಿವಾಸ ಮಲ್ಯ

ಉಳ್ಳಾಲ ಶ್ರೀನಿವಾಸ ಮಲ್ಯ (21 ನವೆಂಬರ್ 1902 – 19 ಡಿಸೆಂಬರ್ 1965) ಇವರು ಸ್ವಾತಂತ್ರ್ಯ ಹೋರಾಟಗಾರರು, ಸಂವಿಧಾನ ರಚನಾ ಸಭೆಯ ಸದಸ್ಯರು ಹಾಗೂ ಮೊದಲ ಮೂರು ಲೋಕಸಭೆಗಳಲ್ಲಿ ಕರಾವಳಿಯನ್ನು ಪ್ರತಿನಿಧಿಸಿದ ಸಂಸದರು. ಯು. ಎಸ್. ಮಲ್ಯ ಎಂಬ ಹೆಸರಿನಿಂದಲೂ ಇವರು ಪರಿಚಿತರು. ಪಣಂಬೂರಿನ ನವಮಂಗಳೂರು ಬಂದರು, ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಪಶ್ಚಿಮ ಕರಾವಳಿಯ ರಾಷ್ಟ್ರೀಯ ಹೆದ್ದಾರಿ ಮತ್ತು ಹಾಸನ–ಮಂಗಳೂರು ರೈಲುಮಾರ್ಗ ಇವು ಮಲ್ಯರ ಪ್ರಯತ್ನದೊಂದಿಗೆ ಸಾಮಾನ್ಯವಾಗಿ ಜೋಡಿಸಿ ಹೇಳಲ್ಪಡುವ ಯೋಜನೆಗಳು. ಈ ಕಾರಣದಿಂದ ಅವರನ್ನು ಆಧುನಿಕ ದಕ್ಷಿಣ ಕನ್ನಡದ ನಿರ್ಮಾತೃ ಎಂದು ಕರೆಯುವ ರೂಢಿಯಿದೆ. ಕೇಂದ್ರದಲ್ಲಿ ಮಂತ್ರಿಪದವಿಯನ್ನು ವಹಿಸಿಕೊಳ್ಳದೆ, ಸಂಸತ್ ಸದಸ್ಯನ ಸ್ಥಾನದಿಂದಲೇ ಅವರು ಈ ಕೆಲಸಗಳ ಬೆನ್ನು ಹತ್ತಿದರು.

ಆರಂಭಿಕ ಜೀವನ

ಮಲ್ಯರು ಮಂಗಳೂರಿನ ಗೌಡ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಅವರ ಬಾಲ್ಯ ಮತ್ತು ವಿದ್ಯಾಭ್ಯಾಸದ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1920ರ ಆಗಸ್ಟ್ ತಿಂಗಳಲ್ಲಿ ಮಹಾತ್ಮ ಗಾಂಧಿಯವರು ಅಸಹಕಾರ ಚಳವಳಿಯ ಪ್ರಚಾರಕ್ಕಾಗಿ ಮೊದಲ ಬಾರಿಗೆ ಮಂಗಳೂರಿಗೆ ಬಂದರು. ಆಗ ಮಲ್ಯರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಕಾರ್ನಾಡ್ ಸದಾಶಿವರಾಯರ ಮುಂದಾಳತ್ವದಲ್ಲಿ ಜಿಲ್ಲೆಯ ಕಾಂಗ್ರೆಸ್ ಬಲಗೊಳ್ಳುತ್ತಿದ್ದ ಆ ದಿನಗಳಲ್ಲಿ ಅನೇಕ ಯುವಕರಂತೆ ಅವರೂ ಚಳವಳಿಯ ಕಡೆಗೆ ತಿರುಗಿದರು. ಮುಂದೆ ಸತ್ಯಾಗ್ರಹಗಳಲ್ಲಿ ಪಾಲ್ಗೊಂಡು ಸೆರೆವಾಸವನ್ನು ಅನುಭವಿಸಿದರು. ಪಕ್ಷದ ಸಂಘಟನೆಯಲ್ಲಿ ಪಡೆದ ಈ ಅನುಭವವು ಮುಂದೆ ಅವರ ಸಾರ್ವಜನಿಕ ಜೀವನಕ್ಕೆ ತಳಹದಿಯಾಯಿತು.

ಸಂಸದೀಯ ಜೀವನ

ಮಲ್ಯರು ಮದ್ರಾಸು ಪ್ರಾಂತದಿಂದ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಆಗಿನ ದಕ್ಷಿಣ ಕನ್ನಡ (ಉತ್ತರ) ಕ್ಷೇತ್ರದಿಂದಲೂ, 1957 ಮತ್ತು 1962ರ ಚುನಾವಣೆಗಳಲ್ಲಿ ಉಡುಪಿ ಕ್ಷೇತ್ರದಿಂದಲೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆಯನ್ನು ಪ್ರವೇಶಿಸಿದರು. 1950ರ ದಶಕದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿಯೂ ಸೇವೆ ಸಲ್ಲಿಸಿದರು. ಮೂರನೆಯ ಲೋಕಸಭೆಯ ಅವಧಿ ಮುಗಿಯುವ ಮುನ್ನವೇ ಅವರು ನಿಧನ ಹೊಂದಿದರು.

ಹಳೆಯ ಬಂದರು ಮತ್ತು ಪಟ್ಟಣದ ಸಮಸ್ಯೆ

ಮಲ್ಯರ ಕಾರ್ಯದ ಮಹತ್ವವನ್ನು ತಿಳಿಯಲು ಆಗಿನ ಮಂಗಳೂರಿನ ಸ್ಥಿತಿಯನ್ನು ಅರಿಯುವುದು ಅಗತ್ಯ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವಲ್ಲಿ, ಹಿನ್ನೀರಿನ ದಡದಲ್ಲಿ, ಹಳೆಯ ಬಂದರು ಇದೆ. ಅಳಿವೆ ಬಾಗಿಲಿನಲ್ಲಿ ಮರಳಿನ ದಿಣ್ಣೆ ಬೆಳೆಯುತ್ತಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರದೆ ಸಮುದ್ರದಲ್ಲಿಯೇ ಲಂಗರು ಹಾಕಬೇಕಾಗಿತ್ತು. ಹಂಚು, ಕಾಫಿ, ಗೇರುಬೀಜ, ಸಂಬಾರ ಪದಾರ್ಥಗಳನ್ನು ಧಕ್ಕೆಯಿಂದ ದೋಣಿಗಳಲ್ಲಿ ತುಂಬಿ ಹಡಗಿಗೆ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾದೊಡನೆ ಈ ವ್ಯವಹಾರ ನಿಂತುಹೋಗುತ್ತಿತ್ತು. ಹಡಗಿನ ಕೆಲಸವನ್ನೇ ನಂಬಿದ್ದ ಕೂಲಿಕಾರರಿಗೆ ಅದು ದುಡಿಮೆಯಿಲ್ಲದ ಕಾಲ.

ಭೂಮಾರ್ಗದ ಸ್ಥಿತಿಯೂ ಉತ್ತಮವಾಗಿರಲಿಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂದರೂ ಅದು ದಕ್ಷಿಣದ ಕಡೆಯಿಂದ, ಮಲಬಾರಿನ ಮೂಲಕ ಬಂದ ಮಾರ್ಗ. ಘಟ್ಟದ ಮೇಲಿನ ಮೈಸೂರು ಸೀಮೆಗೆ ನೇರ ರೈಲು ಇರಲಿಲ್ಲ. ಉತ್ತರ ದಿಕ್ಕಿನ ರಸ್ತೆಯಲ್ಲಿ ನದಿಗಳು ಅಡ್ಡವಾಗಿದ್ದು, ಅನೇಕ ಕಡೆ ಕಡವಿನಲ್ಲಿ ದೋಣಿಯನ್ನು ಅವಲಂಬಿಸಬೇಕಾಗಿತ್ತು.

ಮಂಗಳೂರಿನ ಪುರಸಭೆಯು 1866ರಲ್ಲಿಯೇ ಸ್ಥಾಪಿತವಾಗಿತ್ತು. ಆದರೆ ಬೀದಿ, ಚರಂಡಿ, ಕುಡಿಯುವ ನೀರು, ದೀಪ ಮುಂತಾದವು ಮಾತ್ರ ಪುರಸಭೆಯ ಕೈಯಲ್ಲಿದ್ದವು. ಬಂದರಿನ ಆಡಳಿತ ಮದ್ರಾಸಿನದು. ರೈಲು ಮತ್ತು ಹೆದ್ದಾರಿಗಳ ತೀರ್ಮಾನ ದೆಹಲಿಯದು. ಸರಕಿನ ಸಹಜ ಮೂಲವಾದ ಘಟ್ಟದ ಮೇಲಿನ ನಾಡು ಇನ್ನೊಂದು ರಾಜ್ಯಕ್ಕೆ ಸೇರಿತ್ತು. ಹೀಗೆ ಪಟ್ಟಣದ ಜೀವನವನ್ನು ನಿರ್ಧರಿಸುವ ಮುಖ್ಯ ಪ್ರಶ್ನೆಗಳೆಲ್ಲ ಪಟ್ಟಣದ ಅಧಿಕಾರದ ಹೊರಗೆ ಇದ್ದವು. ಮದ್ರಾಸು ಸರ್ಕಾರಕ್ಕೆ ಮಂಗಳೂರು ರಾಜ್ಯದ ದೂರದ ಅಂಚಿನ ಊರು. ಮೈಸೂರಿಗೆ ಅದು ಹೊರರಾಜ್ಯದ ಬಂದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಂದಿನಿಂದ ಬಂದರು ಮತ್ತು ಅದರ ಒಳನಾಡಿನ ಬಹುಭಾಗ ಒಂದೇ ರಾಜ್ಯದೊಳಗೆ ಬಂದವು. ಈ ಬದಲಾವಣೆಯ ಮೊದಲೂ ಅನಂತರವೂ ಮಂಗಳೂರಿನ ಬೇಡಿಕೆಗಳನ್ನು ದೆಹಲಿಯಲ್ಲಿ ನಿರಂತರವಾಗಿ ಮಂಡಿಸಿದವರಲ್ಲಿ ಮಲ್ಯರು ಪ್ರಮುಖರು.

ವಿಮಾನ ನಿಲ್ದಾಣ ಮತ್ತು ಹೆದ್ದಾರಿ

ಮಲ್ಯರ ಕಾಲದಲ್ಲಿ ಮೊದಲು ಕೈಗೂಡಿದ ದೊಡ್ಡ ಯೋಜನೆಯೆಂದರೆ ವಿಮಾನ ನಿಲ್ದಾಣ. ಮಂಗಳೂರಿನ ಸುತ್ತಲಿನ ನೆಲ ಗುಡ್ಡ ಮತ್ತು ಕಣಿವೆಗಳಿಂದ ಕೂಡಿರುವುದರಿಂದ ಬಜಪೆ ಸಮೀಪದ ಗುಡ್ಡದ ನೆತ್ತಿಯಲ್ಲಿ ಓಡುದಾರಿಯನ್ನು ನಿರ್ಮಿಸಲಾಯಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು.

ಕರಾವಳಿಯುದ್ದಕ್ಕೂ ಸಾಗುವ ರಸ್ತೆಯು ರಾಷ್ಟ್ರೀಯ ಹೆದ್ದಾರಿ 17 ಎಂಬ ಸ್ಥಾನ ಪಡೆದದ್ದು ಮಲ್ಯರ ಹೆಸರಿನೊಂದಿಗೆ ಸೇರಿರುವ ಇನ್ನೊಂದು ಕಾರ್ಯ. ಈಗ ಇದರ ಸಂಖ್ಯೆ 66. ನದಿಗಳ ಮೇಲೆ ಸೇತುವೆಗಳು ಆದಂತೆ ಮಂಗಳೂರು, ಉಡುಪಿ, ಕುಂದಾಪುರಗಳ ನಡುವಿನ ಸಂಚಾರ ಕಡವಿನ ದೋಣಿಗಾಗಿ ಕಾಯುವ ಅಗತ್ಯದಿಂದ ಮುಕ್ತವಾಯಿತು. ನಗರದಿಂದ ಪಣಂಬೂರಿಗೆ ಹೋಗುವವರು ಕೂಳೂರಿನಲ್ಲಿ ಗುರುಪುರ ನದಿಯನ್ನು ದಾಟಬೇಕಾದುದರಿಂದ ಈ ಹೆದ್ದಾರಿಯಿಲ್ಲದೆ ಹೊಸ ಬಂದರಿಗೆ ನಗರದ ಸಂಪರ್ಕವೇ ಸಾಧ್ಯವಿರಲಿಲ್ಲ.

ನವಮಂಗಳೂರು ಬಂದರು

ಹಳೆಯ ಬಂದರಿನ ಅಳಿವೆಯ ಹೂಳನ್ನು ಎಷ್ಟು ಎತ್ತಿದರೂ ಅದು ಸರ್ವಋತು ಬಂದರಾಗುವುದು ಕಷ್ಟವಾಗಿತ್ತು. ಆದ್ದರಿಂದ ನಗರದಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕೆ, ಪಣಂಬೂರಿನಲ್ಲಿ, ನೆಲವನ್ನು ಅಗೆದು ಕಡಲಿನ ನೀರನ್ನು ಒಳಗೆ ತರುವ ಕೃತಕ ಬಂದರನ್ನು ನಿರ್ಮಿಸುವ ಯೋಜನೆ ರೂಪುಗೊಂಡಿತು. ಮೂರನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 1962ರಲ್ಲಿ, ಕಾಮಗಾರಿ ಆರಂಭವಾಯಿತು. ದಡದ ಒಳಗೆ ಕೊಳದಂತೆ ತೋಡಿದ ಜಲಪ್ರದೇಶ, ಅದಕ್ಕೆ ಹಡಗುಗಳನ್ನು ತರುವ ಆಳವಾದ ಕಾಲುವೆ, ಅಲೆಗಳನ್ನು ತಡೆಯುವ ಕಲ್ಲಿನ ಗೋಡೆಗಳು ಈ ಬಂದರಿನ ಮುಖ್ಯ ಅಂಗಗಳು.

ಕಾಮಗಾರಿ ದೀರ್ಘಕಾಲ ನಡೆಯಿತು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಇದನ್ನು ಉದ್ಘಾಟಿಸಿದರು. ಆ ವೇಳೆಗೆ ಮಲ್ಯರು ತೀರಿಕೊಂಡು ಒಂಬತ್ತು ವರ್ಷಗಳು ಕಳೆದಿದ್ದವು. ಹಳೆಯ ಬಂದರು ಮುಚ್ಚಿಹೋಗಲಿಲ್ಲ. ಮೀನುಗಾರಿಕೆಯ ದೋಣಿಗಳಿಗೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೂ ಅದು ನೆಲೆಯಾಗಿ ಉಳಿಯಿತು.

ತಾಂತ್ರಿಕ ಶಿಕ್ಷಣ

ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಸಹಭಾಗಿತ್ವದಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜುಗಳನ್ನು ತೆರೆಯಲು ಮುಂದಾಯಿತು. ಅವುಗಳಲ್ಲಿ ಒಂದನ್ನು ಕರಾವಳಿಗೆ ತರಲು ಮಲ್ಯರು ಶ್ರಮಿಸಿದರು, ಉದ್ಯಮಿ ವಿ. ಎಸ್. ಕುಡ್ವ ಅವರು ಈ ಕಾರ್ಯದಲ್ಲಿ ಜೊತೆಗೂಡಿದರು. 1960ರಲ್ಲಿ ಸುರತ್ಕಲ್ಲಿನ ಕಡಲ ದಂಡೆಯ ಬಳಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿಯೇ ಈ ಸಂಸ್ಥೆ ಕರ್ನಾಟಕದ ಹೆಸರನ್ನು ಹೊತ್ತಿತು ಎಂಬುದು ಗಮನಾರ್ಹ. 2002ರಲ್ಲಿ ಇದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ಮೇಲ್ದರ್ಜೆಗೇರಿತು.

ರೈಲುಮಾರ್ಗ ಮತ್ತು ಒಳನಾಡು

ಬಂದರಿಗೆ ಹಡಗು ಬರುವುದಷ್ಟೇ ಸಾಲದು. ಹಡಗಿಗೆ ಸರಕು ಬರಬೇಕು. ಘಟ್ಟವನ್ನು ದಾಟುವ ರೈಲಿನ ಬೇಡಿಕೆಗೆ ಇದು ಆಧಾರವಾಗಿತ್ತು. ಸಮುದ್ರ ತೀರವಿಲ್ಲದ ಹಿಂದಿನ ಮೈಸೂರು ಸಂಸ್ಥಾನವು ತನ್ನ ಸರಕಿಗಾಗಿ ಭಟ್ಕಳದ ಕಡೆ ದೃಷ್ಟಿ ಹಾಯಿಸಿದ್ದೂ ಇದೇ ಕೊರತೆಯಿಂದ. ಬೆಂಗಳೂರಿನಿಂದ ಅರಸೀಕೆರೆಯ ಮೂಲಕ ಹುಬ್ಬಳ್ಳಿಗೆ ಹೋಗುವ ರೈಲು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಿಂದ ಕವಲೊಡೆಯುವ ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆ ಇದೆ. ತರೀಕೆರೆಯ ಅಡಿಕೆ, ಕಡೂರಿನ ತೆಂಗು, ಅಜ್ಜಂಪುರದ ಈರುಳ್ಳಿ ಬೆಳೆಯುವ ಈ ಸೀಮೆಗೆ ರೈಲು ಬಹುಕಾಲದಿಂದ ಇದ್ದರೂ ಪಶ್ಚಿಮದ ಕಡಲಿಗೆ ಇಳಿಯುವ ನೇರ ಹಳಿ ಇರಲಿಲ್ಲ. ಚಿಕ್ಕಮಗಳೂರಿನ ಗಿರಿಗಳ ಕಾಫಿ ಘಟ್ಟದ ರಸ್ತೆಯ ಮೂಲಕವೇ ಮಂಗಳೂರಿನ ಸಂಸ್ಕರಣಾಗಾರಗಳನ್ನು ತಲುಪುತ್ತಿತ್ತು.

ಅರಸೀಕೆರೆಯಿಂದ ರೈಲು ಸಂಪರ್ಕವಿದ್ದ ಹಾಸನವನ್ನು ಮಂಗಳೂರಿಗೆ ಜೋಡಿಸಿದರೆ ಈ ಊರುಗಳೆಲ್ಲ ಒಂದೇ ಜಾಲದ ಮೂಲಕ ಬಂದರಿಗೆ ಸೇರುತ್ತಿದ್ದವು. 1960ರ ದಶಕದಲ್ಲಿ ಕೆಲಸ ಆರಂಭವಾದ ಈ 189 ಕಿಲೋಮೀಟರ್ ಮಾರ್ಗವು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ 57 ಸುರಂಗಗಳನ್ನು ಹಾದು ಘಟ್ಟವನ್ನು ಇಳಿಯುತ್ತದೆ. ಭಾರೀ ಮಳೆ ಮತ್ತು ಕುಸಿಯುವ ಮಣ್ಣಿನ ನಡುವೆ ನಡೆದ ಕಾಮಗಾರಿ 1979ರಲ್ಲಿ ಪೂರ್ಣಗೊಂಡಿತು. 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಸಂಚಾರ ನಿಂತು, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು.

ಬಂದರು ಮತ್ತು ಚಿಕ್ಕಮಗಳೂರು ಜಿಲ್ಲೆಯ ನಂಟು ಇನ್ನೊಂದು ದಾರಿಯಲ್ಲಿಯೂ ಬೆಳೆಯಿತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಪಣಂಬೂರಿಗೆ ಹರಿಸಿ, ಅಲ್ಲಿಂದ ರಫ್ತು ಮಾಡುತ್ತಿತ್ತು. ಪರಿಸರದ ಕಾರಣದಿಂದ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಈ ಗಣಿಗಾರಿಕೆಯು 2005ರ ಕೊನೆಗೆ ನಿಂತಿತು.

ಸ್ಥಳಾಂತರ

ಬಂದರು ಮತ್ತು ಅದನ್ನು ಅನುಸರಿಸಿ ಬಂದ ಗೊಬ್ಬರದ ಕಾರ್ಖಾನೆ ಮೊದಲಾದ ಉದ್ಯಮಗಳಿಗಾಗಿ ಪಣಂಬೂರು ಮತ್ತು ಸುತ್ತಲಿನ ಗ್ರಾಮಗಳಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಗದ್ದೆ, ತೆಂಗಿನ ತೋಟ, ದೈವಸ್ಥಾನಗಳ ಸುತ್ತ ಕಟ್ಟಿಕೊಂಡಿದ್ದ ಬದುಕನ್ನು ಬಿಟ್ಟು ಅನೇಕ ಕುಟುಂಬಗಳು ಒಳಭಾಗದ ಕಾಟಿಪಳ್ಳ, ಕೃಷ್ಣಾಪುರಗಳ ಪುನರ್ವಸತಿ ಪ್ರದೇಶಕ್ಕೆ ಹೋದವು. ಕಡಲ ಬದಿಯ ಬೇಸಾಯಗಾರರಿಗೆ ಗುಡ್ಡದ ಮುರಕಲ್ಲಿನ ನೆಲ ಹೊಸದು. ಗದ್ದೆಯಿಲ್ಲದ ಮನೆ ನಿವೇಶನವು ಹಿಂದಿನ ಜೀವನೋಪಾಯಕ್ಕೆ ಸಮನಾಗಿರಲಿಲ್ಲ. ಜಿಲ್ಲೆಯಲ್ಲಿ ಮುಂದೆ ಬಂದ ಪ್ರತಿಯೊಂದು ದೊಡ್ಡ ಕೈಗಾರಿಕಾ ಯೋಜನೆಯ ಸಂದರ್ಭದಲ್ಲಿಯೂ ಪರಿಹಾರ, ಉದ್ಯೋಗ ಮತ್ತು ಪುನರ್ವಸತಿಯ ಪ್ರಶ್ನೆಗಳು ಮತ್ತೆ ಎದ್ದವು. ಮಲ್ಯರ ಕಾಲದ ಯೋಜನೆಗಳ ಮೌಲ್ಯಮಾಪನದಲ್ಲಿ ಪಟ್ಟಣಕ್ಕೆ ಬಂದ ಲಾಭದೊಂದಿಗೆ ಈ ಕುಟುಂಬಗಳು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ನಿಧನ ಮತ್ತು ಸ್ಮರಣೆ

ಶ್ರೀನಿವಾಸ ಮಲ್ಯರು 1965ರ ಡಿಸೆಂಬರ್ 19ರಂದು ತಮ್ಮ 63ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಪ್ರಯತ್ನಗಳಲ್ಲಿ ವಿಮಾನ ನಿಲ್ದಾಣ ಮತ್ತು ಕಾಲೇಜು ಮಾತ್ರ ಅವರ ಜೀವಿತಕಾಲದಲ್ಲಿ ಕಾರ್ಯಾರಂಭ ಮಾಡಿದವು. ಬಂದರು ಮತ್ತು ಘಟ್ಟದ ರೈಲು ಅನಂತರ ಪೂರ್ಣಗೊಂಡವು. ಸುರತ್ಕಲ್ಲಿನ ತಂತ್ರಜ್ಞಾನ ಸಂಸ್ಥೆಯ ಆವರಣಕ್ಕೆ ಅವರ ನೆನಪಿನಲ್ಲಿ ಶ್ರೀನಿವಾಸನಗರ ಎಂಬ ಹೆಸರಿದ್ದು, ಸಂಸ್ಥೆಯ ಅಂಚೆ ವಿಳಾಸದಲ್ಲಿಯೂ ಅದೇ ಹೆಸರು ಬಳಕೆಯಲ್ಲಿದೆ.

ಬಂದರು, ಹೆದ್ದಾರಿ, ರೈಲು, ವಿಮಾನ ನಿಲ್ದಾಣ ಮತ್ತು ತಾಂತ್ರಿಕ ಕಾಲೇಜು ಬೇರೆ ಬೇರೆ ಇಲಾಖೆಗಳಿಗೆ ಸೇರಿದ ಕೆಲಸಗಳು. ಅವು ಒಂದೇ ಊರಿನ ಸುತ್ತ, ಒಂದರ ಉಪಯೋಗ ಇನ್ನೊಂದಕ್ಕೆ ಒದಗುವಂತೆ ಸೇರಿಬಂದುದು ಮಂಗಳೂರಿನ ಬೆಳವಣಿಗೆಯ ವಿಶೇಷ. ಜಿಲ್ಲೆಯ ಇತಿಹಾಸದಲ್ಲಿ ಮಲ್ಯರ ಸ್ಥಾನವನ್ನು ಮುಖ್ಯವಾಗಿ ಈ ಜೋಡಣೆಯ ಹಿನ್ನೆಲೆಯಲ್ಲಿ ಗುರುತಿಸಲಾಗುತ್ತದೆ.