ಜಾನ್ ಗ್ರಾಂಟ್

ಯಾರಿಗೆ ಎಷ್ಟು ಆಯುಸ್ಸು ಎಂಬುದನ್ನು ಹಣೆಬರಹಕ್ಕೆ ಬಿಡುವುದು ಲೋಕದ ವಾಡಿಕೆ. ಆ ಬರಹವನ್ನು ಅಂಕಿಗಳಲ್ಲಿ ಓದಲು ಮೊದಲಿಗೆ ಕುಳಿತವನು ಲಂಡನ್ ನಗರದ ಒಬ್ಬ ಜವಳಿ ವ್ಯಾಪಾರಿ. ಅವನೇ ಜಾನ್ ಗ್ರಾಂಟ್.

1620ರ ಏಪ್ರಿಲ್ 24ರಂದು ಜನಿಸಿದ ಗ್ರಾಂಟನು ತಂದೆಯ ವ್ಯಾಪಾರವನ್ನೇ ಮುಂದುವರಿಸಿದನು. ಆಗ ಲಂಡನ್ನಿಗೆ ಪ್ಲೇಗು ಪದೇ ಪದೇ ಬಂದೆರಗುತ್ತಿತ್ತು. ಸತ್ತವರ ಪಟ್ಟಿ ವಾರವಾರವೂ ಅಚ್ಚಾಗುತ್ತಿತ್ತು. ಸಿರಿವಂತರು ಅದನ್ನು ನೋಡಿ ಊರು ಬಿಡಬೇಕೇ ಎಂದು ಆಲೋಚಿಸುವರು. ಉಳಿದವರು ನಾಲ್ಕು ಮಾತಾಡಿ ಮರೆಯುವರು. ಗ್ರಾಂಟನಾದರೋ ಹಲವು ದಶಕಗಳ ಪಟ್ಟಿಗಳನ್ನು ಕಲೆಹಾಕಿ, ಅಂಗಡಿಯ ಖಾತೆಯಂತೆ ತಾಳೆ ನೋಡಿದನು.

ಪಟ್ಟಿಯನ್ನು ಅವನು ಕಣ್ಣುಮುಚ್ಚಿ ನಂಬಲಿಲ್ಲ. ಸಾವಿನ ಕಾರಣವನ್ನು ತಿಳಿಸುತ್ತಿದ್ದವರು ಶವ ನೋಡಲು ನೇಮಕಗೊಂಡ ಮುದುಕಿಯರು. ಒಂದು ಬಟ್ಟಲು ಮದ್ಯ, ನಾಲ್ಕು ಕಾಸು ಸಿಕ್ಕಿದರೆ ನಾಚಿಕೆಯ ರೋಗದ ಹೆಸರು ಬದಲಾಗುತ್ತಿತ್ತು. ಲೆಕ್ಕಕ್ಕೆ ಮೊದಲು ಲೆಕ್ಕ ಕೊಟ್ಟವರನ್ನು ಶೋಧಿಸಿದ್ದು ವ್ಯಾಪಾರಿಯ ಬುದ್ಧಿಯೇ ಸರಿ.

1662ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಲಂಡನ್ನಿನಲ್ಲಿ ಹಲವು ದಶಲಕ್ಷ ಜನರಿರುವರೆಂದು ನಂಬಿದವರಿದ್ದರು. ವರ್ಷಕ್ಕೆ 11 ಕುಟುಂಬಗಳಲ್ಲಿ 3 ಸಾವುಗಳು ಸಂಭವಿಸುವುದನ್ನು ಗ್ರಾಂಟನು ಕೆಲವು ಕೇರಿಗಳಲ್ಲಿ ಕಂಡುಕೊಂಡನು. ವರ್ಷದ ಸಾವುಗಳು ಸುಮಾರು 13,000. ಆದುದರಿಂದ ಕುಟುಂಬಗಳು 48,000. ಕುಟುಂಬಕ್ಕೆ 8 ಮಂದಿಯಂತೆ ಜನಸಂಖ್ಯೆ 3,84,000.

ಇನ್ನೊಂದು ಕೋಷ್ಟಕ ಇದಕ್ಕಿಂತಲೂ ಹಿರಿದು. ಹುಟ್ಟಿದ 100 ಮಕ್ಕಳಲ್ಲಿ 6 ವರ್ಷ ಮುಟ್ಟುವವರು 64, 16 ಮುಟ್ಟುವವರು 40, 26ಕ್ಕೆ 25, 76ಕ್ಕೆ ಒಬ್ಬರೇ. ನಡುವಣ ಅಂಕಿಗಳಲ್ಲಿ ಊಹೆಯ ಪಾಲೇ ಹೆಚ್ಚು. ಆದರೂ ಯಾವ ಮಗು ಬದುಕುವುದೆಂದು ಹೇಳಲಾಗದ ಕಡೆಯಲ್ಲಿ, ನೂರರಲ್ಲಿ ಎಷ್ಟು ಬದುಕುವುವೆಂದು ಕೇಳಬಹುದೆಂಬ ದಾರಿ ಆಗ ತೆರೆಯಿತು.

ದೊರೆ ಎರಡನೆಯ ಚಾರ್ಲ್ಸನ ಶಿಫಾರಸಿನಿಂದ ಈ ಅಂಗಡಿಕಾರನು ರಾಯಲ್ ಸೊಸೈಟಿಯ ಸದಸ್ಯನಾದನು. ಆದರೆ 1666ರ ಮಹಾ ಅಗ್ನಿಯಲ್ಲಿ ಅವನ ಮನೆ ಸುಟ್ಟುಹೋಯಿತು. ಕ್ಯಾಥೊಲಿಕ್ ಮತಕ್ಕೆ ಸೇರಿದ್ದರಿಂದ ತೊಂದರೆಗಳು ಹೆಚ್ಚಿದವು. 1674ರ ಏಪ್ರಿಲ್ 18ರಂದು ಬಡತನದಲ್ಲಿ ಅವನು ತೀರಿಕೊಂಡನು. ಗ್ರಂಥವು ಗೆಳೆಯ ವಿಲಿಯಂ ಪೆಟಿಯದೆಂದು ಹೇಳುವವರೂ ಹುಟ್ಟಿಕೊಂಡರು.

1693ರಲ್ಲಿ ಎಡ್ಮಂಡ್ ಹ್ಯಾಲಿಯು ಬ್ರೆಸ್ಲಾ ನಗರದ ದಾಖಲೆಗಳಿಂದ ಇನ್ನೂ ನಿಖರವಾದ ಆಯುಷ್ಕೋಷ್ಟಕವನ್ನು ರಚಿಸಿದನು. ಜೀವವಿಮೆಯ ಲೆಕ್ಕ ಇಂಥ ಕೋಷ್ಟಕಗಳ ಮೇಲೆಯೇ ನಿಂತಿತು. ಅನಿಶ್ಚಿತತೆಯ ಪ್ರಮಾಣವನ್ನೇ ಅಳೆಯುವ ‘ಎಂಟ್ರೊಪಿ’ ಎಂಬ ಮಾನವನ್ನು 1948ರಲ್ಲಿ ಕ್ಲಾಡ್ ಶಾನನ್ ರೂಪಿಸಿದನು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರ ಹೆಸರಿನಲ್ಲಿಯೂ ಅಂಥ ಒಂದು ಮಾನವಿದೆ.